ಮಂಗಳವಾರದ ವಿಮಾನಕ್ಕೆ ಸೋಮವಾರವೇ ಹೊರಟ ಬ್ಯಾಗು

ಸ್ಪೀಕರಿನಲ್ಲಿ ನನ್ನ ಹೆಸರು ಬಂದಾಗ, ಅದು ಬೇರೆ ಯಾರದೋ ಇರಬೇಕು ಅಂದುಕೊಂಡು ನಾನು ಕಾಗದದ ಲೋಟದ ಕಾಫಿಯನ್ನು ಊದುತ್ತಾ ಕೂತಿದ್ದೆ. ಮೊದಲು ಇಂಗ್ಲಿಷಿನಲ್ಲಿ ಕೂಗಿದರು, ಆಮೇಲೆ ಹಿಂದಿಯಲ್ಲಿ. ಮೂರನೆಯ ಸಲ ಕನ್ನಡದಲ್ಲಿ, "ಹೈದರಾಬಾದಿಗೆ ಪ್ರಯಾಣಿಸುತ್ತಿರುವ ಶ್ರೀಮತಿ ಸರೋಜಾ ಶ್ರೀನಿವಾಸ್ ಅವರು ಕೂಡಲೇ ಸಿಬ್ಬಂದಿಯನ್ನು ಸಂಪರ್ಕಿಸಬೇಕು" ಎಂದಾಗ ಲೋಟ ಕೆಳಗಿಟ್ಟೆ. ಹಾಲ್‌ನಲ್ಲಿದ್ದ ನಲವತ್ತು ಐವತ್ತು ಜನ ಯಾರಪ್ಪಾ ಈ ಸರೋಜಾ ಎಂದು ಕತ್ತು ತಿರುಗಿಸಿ ಹುಡುಕಿದರು. ನಾನೂ ಅವರ ಜೊತೆ ಒಂದು ಗಳಿಗೆ ಹುಡುಕಿದೆ. ಆಮೇಲೆ ಎದ್ದು ನಿಂತೆ.

ಊರಲ್ಲೇ ಇರುವ ನೀವು ನಗಬೇಡಿ. ನಾನು ಮೂರು ವರ್ಷದಿಂದ ಹೈದರಾಬಾದಿನಲ್ಲಿ ಬದುಕುತ್ತಿರುವವಳು. ತಪ್ಪು ಬಸ್ಸು ಹತ್ತಿ ಊರಿನ ಇನ್ನೊಂದು ತುದಿಯಲ್ಲಿ ಇಳಿದಿದ್ದೇನೆ, ಮೆಟ್ರೊ ನಿಲ್ದಾಣದಲ್ಲಿ ಟೋಕನ್ ಕಳೆದುಕೊಂಡು ಕಂಬದ ಪಕ್ಕ ನಿಂತು ಅತ್ತಿದ್ದೇನೆ. ಅಲ್ಲೆಲ್ಲ ಹೇಗೋ ದಾರಿ ಸಿಕ್ಕಿತು. ಕೈಕಾಲು ಆಡದಂತಾಗಿದ್ದು ಮಾತ್ರ ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣದಲ್ಲಿ. ನಾನು ಹುಟ್ಟಿ ಬೆಳೆದ ಭದ್ರಾವತಿಯ ಮನೆಯಿಂದ ಅಲ್ಲಿಗೆ ಅರ್ಧ ಗಂಟೆಯ ದಾರಿ. ನಿಮ್ಮ ಪತ್ರಿಕೆಗೆ ಪರ ಊರಿನ ಅನುಭವ ಬರೆಯಿರಿ ಎಂದು ಕೇಳಿದ್ದೀರಿ. ನನಗೆ ಪರ ಊರಿನಂತೆ ಕಂಡದ್ದು ಅದೇ ಹಾಲ್ ಆದ್ದರಿಂದ ಅದನ್ನೇ ಬರೆಯುತ್ತಿದ್ದೇನೆ.

ಆದರೂ ಹೈದರಾಬಾದಿನ ವಿಷಯ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಯಜಮಾನರು ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಅದು ಮುಚ್ಚಿತು. ಪರಿಚಯದವರೊಬ್ಬರು ಹೈದರಾಬಾದಿನ ಔಷಧಿ ಕಾರ್ಖಾನೆಯ ಗೋದಾಮಿನಲ್ಲಿ ಕೆಲಸ ಕೊಡಿಸಿದರು. ಅಲ್ಲಿ ಬಾಡಿಗೆ ಮನೆಗೆ 'ಪೋರ್ಷನ್' ಎನ್ನುತ್ತಾರೆ. ಹೆಸರೇ ಹೇಳುವಂತೆ ಅದು ಮನೆಯಲ್ಲ, ಮನೆಯ ಒಂದು ಪಾಲು. ನಮ್ಮದು ಮೂರನೇ ಮಹಡಿಯಲ್ಲಿದೆ. ಎಲ್ಲರ ಬಾಗಿಲೂ ಯಾವಾಗಲೂ ಹಾಕಿಯೇ ಇರುತ್ತದೆ. ಎದುರು ಪೋರ್ಷನ್ನಿನ ಹೆಂಗಸಿನ ಹೆಸರು ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು. ಅಲ್ಲಿಯವರೆಗೂ ಅವರನ್ನು ಚಪ್ಪಲಿಯಿಂದಲೇ ಗುರುತು ಹಿಡಿಯುತ್ತಿದ್ದೆ. ಕೆಂಪು ಚಪ್ಪಲಿ ಬಾಗಿಲ ಹೊರಗಿದ್ದರೆ ಮನೆಯಲ್ಲಿದ್ದಾರೆ ಎಂದರ್ಥ. ಭದ್ರಾವತಿಯಲ್ಲಿ, ನಮ್ಮ ಜನ್ನಾಪುರದಲ್ಲಿ, ನಾನು ಸಾರಿಗೆ ಒಗ್ಗರಣೆ ಹಾಕಿದರೆ ಆಚೆ ಮನೆಯವರು ಯಾವ ಸಾರೆಂದು ಹೇಳುತ್ತಿದ್ದರು.

ಭಾಷೆಯಂತೂ ಕೇಳಬೇಡಿ. ತೆಲುಗಿನ ಅಕ್ಷರ ನಮ್ಮದರ ಹಾಗೇ ಕಾಣುತ್ತದೆ, ಬೋರ್ಡುಗಳನ್ನು ಗಟ್ಟಿಯಾಗಿ ಓದಿಕೊಂಡು ಹೋಗುತ್ತಿದ್ದೆ, ಅರ್ಥ ಮಾತ್ರ ಆಗುತ್ತಿರಲಿಲ್ಲ. ನಾನು ಬ್ಲೌಸ್ ಹೊಲಿಯುವವಳು. ಹೊಲಿಗೆ ಮಷೀನು ತೆಗೆದುಕೊಂಡು ಹೋಗಿದ್ದೆ, ಆದರೆ ಗಿರಾಕಿಗಳು ಏನು ಹೇಳುತ್ತಾರೆಂದು ತಿಳಿಯದೆ ಇಂಗು ತಿಂದ ಮಂಗನ ಹಾಗೆ ಕೂರುತ್ತಿದ್ದೆ. ಒಂದು ದಿನ ಲೈನಿಂಗ್ ಬಟ್ಟೆ ತರಲು ಹಳೇ ಪೇಟೆಗೆ ಹೋದಾಗ ಅಂಗಡಿಯವನು ದುಬಾರಿ ಬೆಲೆ ಹೇಳಿದ. ನನ್ನ ಬಾಯಿಂದ ತಾನಾಗಿಯೇ ಬಂತು, "ಇತ್ತಾ ನಕ್ಕೊ ಭಾಯ್, ಕಮ್ ಕರೋ." ಇಷ್ಟು ಬೇಡಪ್ಪ, ಕಡಿಮೆ ಮಾಡು ಎಂದು. ಅವನು ನಕ್ಕು ಸ್ಟೂಲು ಎಳೆದು ಕೂರಿಸಿ, "ಕಾಂ ಕೇ ಆಪ್?" ಎಂದು ಊರು ಕೇಳಿದ. ಹೈದರಾಬಾದಿನಲ್ಲಿ ನಾನು ಗೆದ್ದ ಮೊದಲ ದಿನ ಅದು. ಆವತ್ತಿನಿಂದ ಆ ದಖನಿ ಉರ್ದು ಮಾತಿನಲ್ಲೇ ನನ್ನ ಅರ್ಧ ವ್ಯಾಪಾರ ನಡೆಯುತ್ತಿದೆ. ಗಿರಾಕಿಗಳ ಜೊತೆ, ಆಟೊದವರ ಜೊತೆ, ಗ್ಯಾಸಿನವನ ಜೊತೆ ಅದೇ.

ಆ ಮಾತನ್ನು ಕಲಿಸಿದವಳು ಮಮ್ತಾಜಕ್ಕ. ಜನ್ನಾಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ. ಅವಳು ಸೊಸೆಯಾಗಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅವಳಿಗೆ ಕನ್ನಡ ತಡವರಿಸುತ್ತಿತ್ತು, ನನಗೆ ದಖನಿ ಬರುತ್ತಿರಲಿಲ್ಲ. ಗೋಡೆಯ ಆಚೆ ಈಚೆ ನಿಂತು ಒಬ್ಬರಿಗೊಬ್ಬರು ಕಲಿಸಿಕೊಂಡೆವು. ಈಗ ಅವಳ ಕನ್ನಡ ನನ್ನದಕ್ಕಿಂತ ಜೋರು. ಗಂಡ ಇಬ್ರಾಹಿಮಣ್ಣನದು ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟರಿಗೆ, ಮಿಕ್ಸಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಮಾತು ಕಡಿಮೆ, ಕೈ ಮಾತ್ರ ಸದಾ ಆಡುತ್ತಿರುತ್ತದೆ.

ಕಳೆದ ಶ್ರಾವಣದಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಅಮ್ಮ ಇರುವುದು ತಮ್ಮ ನಾಗೇಶನ ಜೊತೆ. ನಾನು ಹತ್ತು ದಿನಕ್ಕೆ ಬಂದೆ, ಶಿವಮೊಗ್ಗದ ಆಸ್ಪತ್ರೆಗೂ ಮನೆಗೂ ಓಡಾಡಿದೆ. ವಾಪಸು ಹೋಗಲು ನಾಗೇಶ ವಿಮಾನದ ಟಿಕೆಟ್ ಮಾಡಿಸಿದ. ಹೈದರಾಬಾದಿನಲ್ಲಿ ಒಂದು ಮದುವೆಮನೆಯ ಬ್ಲೌಸುಗಳನ್ನು ಒಪ್ಪಿಕೊಂಡಿದ್ದೆ, ಬಸ್ಸಿನಲ್ಲಿ ಹೋದರೆ ಒಂದು ದಿನ ಹಾಳಾಗುತ್ತಿತ್ತು. ಜೀವಮಾನದಲ್ಲಿ ಮೊದಲ ವಿಮಾನ ಎಂದು ನಾನೂ ಹಿಗ್ಗಿದೆ. ಆಮೇಲೆ ಅಮ್ಮ ಕ್ಯಾಲೆಂಡರ್ ನೋಡಿಸಿದಳು.

"ಮಂಗಳವಾರ! ಅಯ್ಯೋ ರಾಮ, ತವರಿಂದ ಹೆಣ್ಣುಮಕ್ಕಳು ಮಂಗಳವಾರ ಹೊರಡೋದುಂಟೇನೇ?"

"ವಿಮಾನಕ್ಕೇನು ಗೊತ್ತಮ್ಮ ವಾರ? ಟಿಕೆಟ್ ಆಗಿಹೋಗಿದೆ."

"ಆಗಿದ್ರೆ ಆಗ್ಲಿ. ಸೋಮವಾರ ಸಂಜೆ ಪರಸ್ಥಾನ ಇಟ್ಬಿಡು."

ಈಗಿನ ಮಕ್ಕಳಿಗೆ ಪರಸ್ಥಾನ ಗೊತ್ತಿರಲಿಕ್ಕಿಲ್ಲ. ಹೊರಡುವ ದಿನ ಒಳ್ಳೆಯದಲ್ಲದಿದ್ದರೆ, ಅದರ ಹಿಂದಿನ ಒಳ್ಳೆಯ ಹೊತ್ತಿನಲ್ಲಿ ನಮ್ಮ ಗಂಟುಮೂಟೆಯನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಅಲ್ಲಿಗೆ ನಾವು ಹೊರಟಂತೆ ಲೆಕ್ಕ. ಮಾರನೆಯ ದಿನ ನಾವು ಕೈಬೀಸಿಕೊಂಡು ಮನೆ ಬಿಟ್ಟು, ದಾರಿಯಲ್ಲಿ ಗಂಟನ್ನು ಎತ್ತಿಕೊಂಡು ಹೋದರಾಯಿತು. ನಮ್ಮ ಪರಸ್ಥಾನ ಯಾವಾಗಲೂ ಮಮ್ತಾಜಕ್ಕನ ಮನೆಯಲ್ಲೇ. ಅಮ್ಮ ಮಡಿ ಮೈಲಿಗೆ ಎಲ್ಲ ಬಲವಾಗಿ ನೋಡುವವಳು, ಆದರೂ ಈ ಒಂದು ವಿಷಯದಲ್ಲಿ, "ಹೊಸ್ತಿಲು ದಾಟಿದ್ರಾಯ್ತು, ಯಾರ ಹೊಸ್ತಿಲಾದ್ರೇನು, ಹತ್ರ ಇರಬೇಕು" ಎನ್ನುತ್ತಿದ್ದಳು. ನಾನು ಪರೀಕ್ಷೆಗೆ ಹೋದಾಗ, ಮದುವೆಯಾಗಿ ಹೋದಾಗ, ಮೂರು ವರ್ಷದ ಹಿಂದೆ ಹೈದರಾಬಾದಿಗೆ ಹೊರಟಾಗ, ಪ್ರತಿಸಲವೂ ನನ್ನ ಗಂಟು ಅವಳ ಮನೆಯ ಮಂಚದ ಮೇಲೆ ಒಂದು ರಾತ್ರಿ ಕಳೆದಿದೆ. ಆ ರಾತ್ರಿ ಆ ಮಂಚದ ಮೇಲೆ ಯಾರನ್ನೂ ಮಲಗಲು ಬಿಡುತ್ತಿರಲಿಲ್ಲ ಅವಳು.

ಮಂಗಳವಾರ ಬೆಳಿಗ್ಗೆ ಇಬ್ರಾಹಿಮಣ್ಣನೇ ತನ್ನ ಓಮ್ನಿ ತೆಗೆದ. ನಾಗೇಶನಿಗೆ ಅಮ್ಮನ ಕಣ್ಣಿಗೆ ಗಂಟೆಗೊಮ್ಮೆ ಹನಿ ಹಾಕುವ ಕೆಲಸವಿತ್ತು. ಮಮ್ತಾಜಕ್ಕ ಬ್ಯಾಗನ್ನು ಹಿಂದಿನ ಸೀಟಿನಲ್ಲಿಟ್ಟು ಪಕ್ಕದಲ್ಲಿ ತಾನೂ ಕೂತಳು. ಬಿ.ಎಚ್. ರಸ್ತೆ ಬಿಟ್ಟು ಸೋಗಾನೆಯ ಕಡೆ ತಿರುಗಿದ ಮೇಲೆ ಮೋಡ ನೆಲಕ್ಕೇ ಇಳಿದಿತ್ತು. ಬಾಗಿಲ ಬಳಿ ಇಳಿದು ನಾವು ಮೂವರೂ ಒಳಗೆ ಹೊರಟಾಗ ಖಾಕಿಯವರು ತಡೆದು, ಟಿಕೆಟ್ ಇದ್ದವರು ಮಾತ್ರ ಎಂದರು. ಹೈದರಾಬಾದಿಗೆ ಹೋಗುವ ಬಸ್ಸಾದರೆ ಬಿಡಲು ಬಂದವರು ಸೀಟಿನವರೆಗೂ ಬಂದು, ಕಿಟಕಿಯಲ್ಲಿ ಬಾಳೆಹಣ್ಣು ತೂರಿಸಿ, ಡ್ರೈವರನಿಗೆ ಬುದ್ಧಿ ಹೇಳಿ ಇಳಿಯುತ್ತಾರೆ. ಇಲ್ಲಿ ಮಾತು ಅರ್ಧದಲ್ಲೇ ತುಂಡಾಯಿತು.

"ನೀನು ಹೋಗು ಮಾರಾಯ್ತಿ, ಹೆದ್ರಬೇಡ. ವಿಮಾನ ಮೇಲೆ ಹೋಗೋವರೆಗೂ ನಾವು ಇಲ್ಲೇ ಇರ್ತೀವಿ" ಎಂದಳು ಮಮ್ತಾಜಕ್ಕ. ಗಾಜಿನ ಬಾಗಿಲು ಮುಚ್ಚಿಕೊಂಡಿತು.

ಕೌಂಟರಿನಲ್ಲಿ ಒಬ್ಬ ಹುಡುಗಿ ಬ್ಯಾಗನ್ನು ತೂಕಕ್ಕೆ ಇಟ್ಟಳು. ಮನೆಯಲ್ಲಿ ಕೈಯಲ್ಲೆತ್ತಿ ಅಂದಾಜು ಮಾಡಿದ್ದಕ್ಕಿಂತ ಭಾರ ತೋರಿಸಿತು, ನನ್ನ ಅಂದಾಜೇ ತಪ್ಪಿರಬೇಕು ಎಂದುಕೊಂಡೆ. ಅವಳು ಗಿಳಿಪಾಠ ಒಪ್ಪಿಸಿದಂತೆ ಕೇಳಿದಳು, "ಬ್ಯಾಗ್ ನೀವೇ ಪ್ಯಾಕ್ ಮಾಡಿದ್ದಾ ಮೇಡಂ? ಯಾರಾದ್ರೂ ಏನಾದ್ರೂ ಕೊಟ್ಟಿದ್ದಾರಾ? ಪೂರ್ತಿ ನಿಮ್ಮ ಹತ್ರನೇ ಇತ್ತಾ?"

ರಾತ್ರಿ ಪಕ್ಕದ ಮನೆಯ ಮಂಚದ ಮೇಲೆ ಮಲಗಿತ್ತು ಎಂದು ಹೇಳಬೇಕೆಂದು ಬಾಯಿ ತೆರೆದೆ. ಹಿಂದೆ ನಿಂತಿದ್ದ ಸೂಟಿನವರು ಕೈಗಡಿಯಾರ ನೋಡಿಕೊಂಡರು. ಪರಸ್ಥಾನವನ್ನು ಈ ಹುಡುಗಿಗೆ ಎಲ್ಲಿಂದ ಶುರುಮಾಡಿ ಹೇಳಲಿ? "ಹೂಂ, ನನ್ನ ಹತ್ರನೇ ಇತ್ತು" ಎಂದೆ. ಅವಳು ಚೀಟಿ ಅಂಟಿಸಿದಳು, ಬ್ಯಾಗು ಪರದೆಯ ಹಿಂದೆ ಹೋಯಿತು.

ಆಮೇಲೆ ತಪಾಸಣೆ. ಬಳೆ, ಪರ್ಸು, ಫೋನು ಎಲ್ಲ ತಟ್ಟೆಗೆ ಹಾಕಿ, ಪರದೆಯ ಒಳಗೆ ಕೈ ಚಾಚಿ ನಿಂತು, ಆಚೆ ಬಂದರೆ ಸಾಲುಕುರ್ಚಿಗಳ ಈ ಹಾಲ್. ಹೈದರಾಬಾದಿನ ವಿಮಾನ ನಿಲ್ದಾಣವನ್ನು ಹೊರಗಿನಿಂದ ನೋಡಿದ್ದೇನೆ, ಅದು ಒಂದು ಊರಿನಷ್ಟಿದೆ. ಇದು ನಮ್ಮ ಕಡೆಯ ಒಂದು ಕಲ್ಯಾಣಮಂಟಪದಷ್ಟು. ಕಲ್ಯಾಣಮಂಟಪದಲ್ಲಾದರೆ ಬೇಜಾರಾದಾಗ ಹೊರಗೆ ಹೋಗಿ ನಿಂತುಕೊಳ್ಳಬಹುದು. ಇಲ್ಲಿ ಒಂದು ಕಡೆ ನೋಡಿದರೆ ರನ್‌ವೇ, ಇನ್ನೊಂದು ಕಡೆ ಬಂದ ದಾರಿ, ಎರಡೂ ಗಾಜಿನ ಆಚೆ. ಮೋಡ ಸರಿಯುವವರೆಗೂ ವಿಮಾನ ಬರುವುದಿಲ್ಲ ಎಂದರು. ಸ್ವಲ್ಪ ಹೊರಗೆ ಹೋಗಿ ಬರ್ತೀನಿ ಎಂದು ಕೇಳಿದೆ. ಬಾಗಿಲಲ್ಲಿದ್ದ ಹೆಣ್ಣು ಪೊಲೀಸು, "ಒಳಗೆ ಬಂದ ಮೇಲೆ ಹಾಗೆಲ್ಲ ಆಗಲ್ಲಮ್ಮ" ಎಂದಳು. ಎರಡು ಗಂಟೆ ಕಳೆಯಿತು. ಮಮ್ತಾಜಕ್ಕನಿಗೆ ಫೋನ್ ಮಾಡಿದರೆ, "ನಾವು ಇಲ್ಲೇ ಇದೀವಿ, ಟೀ ಕುಡೀತಾ ಇದೀವಿ, ನೀನು ಕೂತ್ಕೋ" ಎಂದಳು. ಕೂತು, ಕಾಫಿ ಕೊಂಡು ಊದುತ್ತಿರುವಾಗಲೇ ಹೆಸರು ಕೂಗಿದ್ದು.

ಕೌಂಟರಿನ ಅದೇ ಹುಡುಗಿ ನನ್ನನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕರೆದುಕೊಂಡು ಹೋದಳು. ಪರದೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಸ್ಟೀಲಿನ ಮೇಜಿನ ಮೇಲೆ ನನ್ನ ಬ್ಯಾಗಿತ್ತು. ಪಕ್ಕದಲ್ಲಿ ನಡುವಯಸ್ಸಿನ ಒಬ್ಬ ಅಧಿಕಾರಿ, ಕನ್ನಡಕ ಹಣೆಯ ಮೇಲೆ.

"ಬ್ಯಾಗ್ ನಿಮ್ದೇ ಅಲ್ವಾ? ನೀವೇ ತುಂಬಿದ್ದಾ?"

"ಹೌದು ಸಾರ್."

ಅವರು ಟಿವಿಯಂಥ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಸೀರೆಗಳೆಲ್ಲ ನೆರಳುನೆರಳಾಗಿದ್ದವು. ಅವುಗಳ ಕೆಳಗೆ ಕಿತ್ತಳೆ ಬಣ್ಣದ ನಾಲ್ಕು ಗಟ್ಟಿ ಅಚ್ಚುಗಳು, ಅವಕ್ಕೆ ಒತ್ತಿಕೊಂಡು ನೀಲಿ ಬಣ್ಣದ ಗುಂಡಗಿನ ಒಂದು ವಸ್ತು, ಅದರಿಂದ ಹೊರಟು ಸುತ್ತಿಕೊಂಡ ವೈರು.

"ಇದೇನಮ್ಮ?"

ಅದನ್ನು ನಾನು ಇಟ್ಟಿರಲಿಲ್ಲ. ಇಟ್ಟವರು ಯಾರೆಂದು ಒಂದೇ ಕ್ಷಣದಲ್ಲಿ ಗೊತ್ತಾಯಿತು. ಆ ಕ್ಷಣದಲ್ಲೇ ಬಾಯಿ ಹೇಳಿತು, "ನಾನೇ ಇಟ್ಟಿದ್ದು ಸಾರ್."

"ಅದು ಗೊತ್ತಾಯ್ತು. ಏನಿದು?"

"ಬೆಲ್ಲ..."

"ಬೆಲ್ಲ ಸರಿ. ಬೆಲ್ಲಕ್ಕೆ ವೈರು ಯಾಕಮ್ಮ?"

ಈಗ ಬರೆಯುವಾಗ ನನಗೂ ನಗು ಬರುತ್ತದೆ. ಆವತ್ತು ಬರಲಿಲ್ಲ. ನನ್ನದೆಂದು ಒಪ್ಪಿಕೊಂಡಿದ್ದೇನೆ, ಏನೆಂದು ಹೇಳಲು ಬರುವುದಿಲ್ಲ. ಹಿಂದಕ್ಕೂ ಹೋಗುವ ಹಾಗಿಲ್ಲ, ಮುಂದಕ್ಕೂ ಇಲ್ಲ. ಗೋಡೆಗೆ ಆನಿಕೊಂಡು ನಿಂತೆ.

ಯಾಕೆ ಹಾಗೆ ಹೇಳಿದೆ? ಅವಳ ಹೆಸರು ಹೇಳಿದರೆ ಈ ಖಾಕಿಯವರು ಅವಳನ್ನು ಏನು ಮಾಡುತ್ತಾರೋ, ಅವಳನ್ನು ಕಾಪಾಡಬೇಕು ಎಂದು ಹಾಗೆ ಹೇಳಿದೆ ಅಂತ ಎಷ್ಟೋ ದಿನ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅದು ಅರ್ಧ ನಿಜ. ಉಳಿದರ್ಧವನ್ನು ಇಲ್ಲಿ ಬರೆಯದಿದ್ದರೆ ಈ ಬರಹವೇ ಬೇಡ. ಹೈದರಾಬಾದಿನ ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಮೂರು ವರ್ಷದಿಂದ ಬೆಳಿಗ್ಗೆ ಎದ್ದರೆ ಒಂದೇ ಸಮ ಬರುವ, ಅವಳ ಜನರ ಮೇಲೆ ಅನುಮಾನ ಹುಟ್ಟಿಸುವ ವಿಡಿಯೊಗಳಿವೆಯಲ್ಲ, ಅವನ್ನು ನಾನು ತೆರೆಯುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ತೆರೆಯುತ್ತಿದ್ದೆ. ಆ ಪರದೆಯ ಮುಂದೆ ನಿಂತಾಗ, ಒಂದೇ ಒಂದು ಗಳಿಗೆ, 'ಅದರೊಳಗೆ ನಿಜವಾಗಿಯೂ ಏನಿರಬಹುದು' ಎಂದು ನನ್ನ ತಲೆಗೆ ಹೊಳೆಯಿತು. ಮೂವತ್ತು ವರ್ಷದಿಂದ ಬಲ್ಲ ಮಮ್ತಾಜಕ್ಕನ ಬಗ್ಗೆ ನನಗೆ ಹಾಗೆ ಹೊಳೆಯಿತು. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಅಧಿಕಾರಿ ಕನ್ನಡಕ ಇಳಿಸಿ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ನೀರು ಕುಡೀರಿ. ಸುಳ್ಳು ಹೇಳಿದ್ರೆ ನಿಮಗೇ ಕಷ್ಟ. ನಿಜ ಹೇಳಿ, ನಾವೇನು ಹುಲಿನಾ?"

"ರಾತ್ರಿ ಬ್ಯಾಗು ಪಕ್ಕದ ಮನೇಲಿತ್ತು ಸಾರ್."

"ಯಾಕೆ?"

"ಇವತ್ತು ಮಂಗಳವಾರ ಅಂತ."

ಕೌಂಟರಿನ ಹುಡುಗಿ ನನಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದಳು. ಅಧಿಕಾರಿ ಮಾತ್ರ ಉಸ್ಸೆಂದರು. "ಪರಸ್ಥಾನವಾ? ನಮ್ಮಮ್ಮನೂ ಇಡ್ತಿದ್ರು ಬಿಡಿ. ಮೊದ್ಲೇ ಹೇಳೋದಲ್ವಾ? ಯಾರ ಮನೇಲಿ ಇಟ್ಟಿದ್ರಿ?"

"ಪಕ್ಕದ ಮನೆಯವರು. ಬಹಳ ವರ್ಷದಿಂದ ಗೊತ್ತು."

"ಸರಿ. ಹೆಸರು?"

"ತುಂಬ ಒಳ್ಳೆಯವರು ಸಾರ್. ನಮ್ಮಮ್ಮನ ಆಪರೇಷನ್‌ಗೂ ಅವರೇ..."

"ಅಮ್ಮಾ, ಪಕ್ಕದ ಮನೆಯವರಿಗೆ ಹೆಸರಿಲ್ವಾ?"

ಅವರು ಪೆನ್ನು ಹಿಡಿದು ಕಾದರು. ಕಾದರು, ಕಾದರು, ಪೆನ್ನು ಕೆಳಗಿಟ್ಟರು. "ಮಮ್ತಾಜ್" ಎಂದೆ ಕೊನೆಗೆ. "ಗಂಡನ ಹೆಸರು ಇಬ್ರಾಹಿಂ." ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ನಾನು ಬದಲಾಗುತ್ತದೆಂದು ಕಾಯುತ್ತಿದ್ದೆ. ಅವರು ಬರೆದುಕೊಂಡು, "ಫೋನ್ ಮಾಡಿ, ಸ್ಪೀಕರ್ ಹಾಕಿ" ಎಂದರು.

ಮೊದಲ ರಿಂಗಿಗೇ ಎತ್ತಿದಳು. "ಏನೇ, ಹತ್ತಿದ್ಯಾ? ಇಲ್ಲಿಂದ ಏನೂ ಕಾಣ್ತಿಲ್ವಲ್ಲೇ!"

"ಮಮ್ತಾಜಕ್ಕ, ನನ್ನ ಬ್ಯಾಗಿಗೆ ಏನಾದ್ರೂ ಇಟ್ಟಿದ್ದೀಯಾ?"

ಆಚೆಯಿಂದ ಕಿಲಕಿಲ ನಗು. "ಯಾ ಅಲ್ಲಾ, ಸಿಕ್ಕಿಬಿಡ್ತಾ? ಅಲ್ಲಿಗೆ ಹೋಗಿ ತೆಗೆದು ನೋಡ್ಲಿ, ಕುಣೀತಾಳೆ ಅಂತ ತಳಕ್ಕೆ ತುರುಕಿದ್ದೆ. ಇಲ್ಲೇ ಯಾಕೆ ಬಿಚ್ಚಿದೆ?"

ಅಧಿಕಾರಿಯ ತುಟಿ ಅಲುಗಿತು. ಇಬ್ಬರನ್ನೂ ಬಾಗಿಲಿಗೆ ಬರಹೇಳಿದರು. ಬ್ಯಾಗನ್ನು ಅಲ್ಲಿಗೇ ತಂದು, ಒಳಗೆ ನಾನು, ಹೊಸ್ತಿಲ ಆಚೆ ಅವರಿಬ್ಬರು ನಿಂತಿರುವಂತೆ ಬಿಚ್ಚಿಸಿದರು. ಹಳೆಯ ಟವೆಲಿನೊಳಗೆ ನಾಲ್ಕು ಅಚ್ಚು ಬೆಲ್ಲ. ಇನ್ನೊಂದು ಟವೆಲಿನೊಳಗೆ ನನ್ನ ಹೊಲಿಗೆ ಮಷೀನಿನ ಮೋಟರು. ಊರು ಬಿಡುವ ಮುಂಚೆ ಸುಟ್ಟುಹೋಗಿತ್ತು, ಇಬ್ರಾಹಿಮಣ್ಣನ ಅಂಗಡಿಯಲ್ಲಿ ಹಾಕಿ ನಾನೇ ಮರೆತಿದ್ದೆ. ಮೂರು ವರ್ಷದಿಂದ ಕಾಲಿನಲ್ಲೇ ತುಳಿದು ಹೊಲಿಯುತ್ತಿದ್ದೆ, ಮೊಣಕಾಲು ನೋವೆಂದು ಫೋನಿನಲ್ಲಿ ಅವಳ ಹತ್ತಿರ ಗೋಳಾಡುತ್ತಿದ್ದೆ.

"ಕಾಯಿಲ್ ಪೂರ್ತಿ ಹೋಗಿತ್ತು ಸಾರ್" ಎಂದ ಇಬ್ರಾಹಿಮಣ್ಣ. ಅಂಗಡಿಗೆ ಬಂದ ಗಿರಾಕಿಗೆ ತೋರಿಸುವಂತೆ ಮೋಟರನ್ನು ಕೈಯಲ್ಲಿ ತಿರುಗಿಸಿದ. "ಹೊಸ ತಂತಿ ಸುತ್ತಿದೀನಿ. ಇದು ಪೆಡಲಿನ ವೈರು. ಬೇಕಾದ್ರೆ ಹಾಕಿ ನೋಡಿ, ಸದ್ದೇ ಬರಲ್ಲ."

"ಹೇಳಿ ಕೊಟ್ರೆ ಬೇಡ ಅಂತಾಳೆ ಸಾರ್, ಕೈಗೆ ಕಾಸು ತುರುಕ್ತಾಳೆ. ಅದಕ್ಕೇ ಕದ್ದು ಇಟ್ಟೆ" ಎಂದಳು ಮಮ್ತಾಜಕ್ಕ. ಅವಳು ಇನ್ನೂ ನಗುತ್ತಲೇ ಇದ್ದಳು.

ಅವರು ಮೋಟರನ್ನು ಇನ್ನೊಮ್ಮೆ ಯಂತ್ರದಲ್ಲಿ ನೋಡಿ, ಬೆಲ್ಲವನ್ನು ಮೂಸಿ, ಸರಿ ಎಂದರು. ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಅವರು ಕೆಟ್ಟ ಮನಸ್ಸಿನಿಂದಲ್ಲ, ನನಗೆ ಬುದ್ಧಿ ಹೇಳಲೆಂದೇ ಕೇಳಿದರು. "ಇಷ್ಟೇ ವಿಷ್ಯ. ಮೊದ್ಲು ನಾನೇ ಇಟ್ಟಿದ್ದು ಅಂದ್ರಿ. ಆಮೇಲೆ ಇವರ ಹೆಸರು ಹೇಳೋಕೆ ಅಷ್ಟು ಹೊತ್ತು ತಗೊಂಡ್ರಿ. ಯಾಕಮ್ಮ?"

ಇಬ್ರಾಹಿಮಣ್ಣ ತಲೆ ತಗ್ಗಿಸಿ ಟವೆಲು ಮಡಚತೊಡಗಿದ. ಮಮ್ತಾಜಕ್ಕ ನನ್ನನ್ನು ನೋಡಿದಳು. ನಗು ಮುಖದ ಮೇಲೆ ಹಾಗೇ ಇತ್ತು, ಕಣ್ಣಿನಲ್ಲಿ ಮಾತ್ರ ಇರಲಿಲ್ಲ. ನಾನು ಏನಾದರೂ ಹೇಳಬಹುದಿತ್ತು. ಕನ್ನಡ, ದಖನಿ, ಮುಕ್ಕಾಲು ತೆಲುಗು, ಮೂರು ಭಾಷೆ ಬಾಯಲ್ಲಿದ್ದೂ ಒಂದು ಅಕ್ಷರ ಹೊರಡಲಿಲ್ಲ.

"ಹೆದ್ರಿಕೆ ಸಾರ್ ಅವ್ಳಿಗೆ" ಎಂದಳು ಅವಳೇ. "ಚಿಕ್ಕಂದಿನಿಂದ್ಲೂ ಪುಕ್ಕಲಿ. ಖಾಕಿ ಕಂಡ್ರೆ ಕೈಕಾಲು ನಡುಗುತ್ತೆ. ಬಿಟ್ಬಿಡಿ, ವಿಮಾನ ತಪ್ಪಿಹೋಗುತ್ತೆ."

ನನ್ನ ಕಡೆ ತಿರುಗಿ, "ಕೈಕು ರೋತೀ ಗೇ? ಹೋಗು, ಹೋಗು" ಎಂದು ಕೈಯಾಡಿಸಿದಳು. ಯಾಕೆ ಅಳ್ತೀಯೇ ಎಂದು. ನಾನು ಅಳುತ್ತಿರುವುದು ನನಗೆ ಗೊತ್ತೇ ಇರಲಿಲ್ಲ. ಬಾಗಿಲು ಮುಚ್ಚಿತು. ಮತ್ತೆ ತಟ್ಟೆ, ಬಳೆ, ಪರ್ಸು, ಕೈ ಚಾಚಿ ನಿಲ್ಲುವುದು, ಮತ್ತೆ ಅದೇ ಸಾಲುಕುರ್ಚಿ. ಈ ಸಲ ಜನ ನನ್ನ ಎರಡೂ ಪಕ್ಕದ ಕುರ್ಚಿ ಖಾಲಿ ಬಿಟ್ಟರು. ಮಧ್ಯಾಹ್ನದ ಮೇಲೆ ಮೋಡ ಸರಿಯಿತು. ವಿಮಾನ ಏರುವಾಗ ಕೆಳಗೆ ಓಮ್ನಿ ಕಾಣಬಹುದೆಂದು ಗಾಜಿಗೆ ಮುಖ ಒತ್ತಿದೆ. ಆ ಎತ್ತರದಿಂದ ಎಲ್ಲ ಗಾಡಿಗಳೂ ಒಂದೇ ಥರ ಕಾಣುತ್ತಿದ್ದವು.

ಮೋಟರು ಚೆನ್ನಾಗಿ ನಡೆಯುತ್ತಿದೆ. ಇಬ್ರಾಹಿಮಣ್ಣ ಹೇಳಿದಂತೆ ಸದ್ದೇ ಇಲ್ಲ. ಮದುವೆಮನೆಯ ಬ್ಲೌಸುಗಳನ್ನು ಹೇಳಿದ ಹೊತ್ತಿಗೆ ಮುಗಿಸಿದೆ, ಅದನ್ನು ನೋಡಿ ಇನ್ನೆರಡು ಮದುವೆಮನೆಯವರು ಬಂದರು. ಮೊಣಕಾಲು ಹಗುರಾಗಿದೆ. ವಾಟ್ಸಾಪ್ ಗುಂಪಿನಿಂದ ಹೊರಗೆ ಬಂದೆ, ಎದುರು ಪೋರ್ಷನ್ನಿನವರು ಯಾಕೆಂದು ಕೇಳಿದಾಗ ಫೋನು ತುಂಬಿಹೋಗುತ್ತೆ ಎಂದೆ. ಅಲ್ಲೂ ನಿಜ ಹೇಳಲಿಲ್ಲ ನೋಡಿ. ವಾರಕ್ಕೊಮ್ಮೆ ಮಮ್ತಾಜಕ್ಕನಿಗೆ ಫೋನ್ ಮಾಡುತ್ತೇನೆ. ಅಮ್ಮನ ಕಣ್ಣು, ಗೋಂಗೂರ ಚಟ್ನಿ, ನೀರು ಬಿಡುವ ಹೊತ್ತು, ಎಲ್ಲ ಮಾತಾಡುತ್ತೇವೆ. ಆ ದಿನದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದದ್ದನ್ನು ನುಂಗಿದ್ದೇನೆ. ಏನೆಂದು ಕೇಳುವುದು? ಹೆಸರು ಹೇಳಲು ಹೊತ್ತು ಮಾಡಿದ್ದಕ್ಕೋ, ಆ ಒಂದು ಗಳಿಗೆಗೋ? ಆ ಗಳಿಗೆಯ ವಿಷಯ ಅವಳಿಗೆ ಗೊತ್ತಿಲ್ಲ ಎಂದುಕೊಳ್ಳಲು ನನಗೆ ಇಷ್ಟ.

ಹೈದರಾಬಾದಿನಲ್ಲಿ ಗಿರಾಕಿಗಳು ನನ್ನ ಮಾತು ಕೇಳಿ ಈಗಲೂ ಊರು ಕೇಳುತ್ತಾರೆ. ಭದ್ರಾವತಿ ಎನ್ನುತ್ತೇನೆ. ಭದ್ರಾವತಿಗೆ ಹೋದರೆ ಬೀದಿಯವರು, "ಹೈದರಾಬಾದಿನವರು ಬಂದ್ರು" ಎನ್ನುತ್ತಾರೆ. ಮೊದಲು ಇದು ತಮಾಷೆಯಾಗಿತ್ತು.

ಈಚೆಗೆ ಮತ್ತೆ ಊರಿಗೆ ಹೋಗಿದ್ದೆ. ವಾಪಸು ಹೊರಡುವುದು ಶುಕ್ರವಾರಕ್ಕೆ ಬಂತು, ಅಮ್ಮ ಮತ್ತೆ ಅಯ್ಯೋ ರಾಮ ಎಂದಳು. ಗುರುವಾರ ಸಂಜೆ ಬ್ಯಾಗು ತುಂಬಿ, ಅಕ್ಷತೆ ಹಾಕಿಸಿಕೊಂಡು, ನಾನೇ ಎತ್ತಿಕೊಂಡು ಮಮ್ತಾಜಕ್ಕನ ಮನೆಗೆ ಹೋದೆ. ಬೇಡ ಎನ್ನುತ್ತಾಳೇನೋ ಎಂದು ದಾರಿಯುದ್ದಕ್ಕೂ, ಅಂದರೆ ಇಪ್ಪತ್ತು ಹೆಜ್ಜೆ, ಯೋಚಿಸುತ್ತಿದ್ದೆ. ಬೇಡ ಎನ್ನಲಿಲ್ಲ. "ಬಾರೇ, ಬಾ" ಎಂದು ಬ್ಯಾಗನ್ನು ಕೈಯಿಂದ ಇಸಿದುಕೊಂಡು, ಯಾವಾಗಿನಂತೆ ಮಂಚದ ಮೇಲೆ ಹೊಸ ಚಾದರ ಹಾಸಿ, ಅದರ ಮೇಲಿಟ್ಟಳು. ಟೀ ಕೊಟ್ಟಳು. ನಾನು ಹೊರಡಲು ಎದ್ದಾಗ ಕಪಾಟಿನಿಂದ ಒಂದು ಚಿಕ್ಕ ಬೀಗ ತಂದು ನನ್ನ ಕೈಗಿಟ್ಟಳು. ಹೊಸದು, ಪ್ಲಾಸ್ಟಿಕ್ ಕವರು ಇನ್ನೂ ತೆಗೆದಿರಲಿಲ್ಲ.

"ಜಿಪ್ಪಿಗೆ ಹಾಕ್ಬಿಡು ಸರೋಜಾ. ಕೀ ನಿನ್ನ ಹತ್ರನೇ ಇಟ್ಕೋ. ಅಲ್ಲಿ ಕೇಳಿದ್ರೆ ನಿನಗೆ ಹೇಳೋಕೆ ಸುಲಭ ಆಗುತ್ತೆ."

ಸಿಟ್ಟಿನಿಂದ ಹೇಳಲಿಲ್ಲ ಅವಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ ಎಂದು ಹೇಳುವ ದನಿಯಲ್ಲೇ ಹೇಳಿದಳು. ನಾನು ಆ ಬೀಗವನ್ನು ವಾಪಸು ಕೊಟ್ಟೆ, ಅವಳನ್ನು ಅಪ್ಪಿಕೊಂಡೆ ಎಂದು ಬರೆದು ಮುಗಿಸುವ ಆಸೆ ನನಗೂ ಇದೆ. ಅವಳ ಎದುರಿಗೇ, ಅವಳ ಮಂಚದ ಮೇಲೆ ಕೂತು, ನಾನು ಬೀಗ ಹಾಕಿದೆ.